ತೊಳೆಯುವವಳನ್ನು ತೊಳೆದ ದಿನ

ಗುರುವಾರ, ೧೧ ಫೆಬ್ರವರಿ
ಬೆಳಿಗ್ಗೆ, ಅಡುಗೆಮನೆಯ ಮೇಜಿನ ಮೇಲಿಂದ

ನನ್ನ ಮುದ್ದು ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು, ಅಳಿಯಂದಿರು, ನಮ್ಮ ಗುಂಡಮ್ಮ ಹೇಗಿದ್ದೀರೆಂದು ನಿನ್ನ ಅಪ್ಪ ದಿನವೂ ಫೋನಿನಲ್ಲಿ ವಿಚಾರಿಸಿ ನನಗೆ ವರದಿ ಒಪ್ಪಿಸುತ್ತಾರೆ. ನಾಲ್ಕು ಬಸ್ ಸ್ಟಾಪಿನಾಚೆ ಇರುವ ಮಗಳಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ನಗಬಹುದು. ಏನು ಮಾಡಲಿ, ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಇರಮ್ಮ, ಪಾಪು ಎದ್ದಳು" ಅನ್ನುತ್ತೀಯ. ಹೋದ ವಾರ ನಿಮ್ಮಲ್ಲಿಗೆ ಬಂದು ಹೋದ ಮರುದಿನವೇ ಬರೆಯಲು ಕೂತಿದ್ದೆ. ಕೂತವಳು ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದೆ. ಅದರ ಮಾರನೆಯ ದಿನ ಕಿಟಕಿಗಳು. ಈಗ ಮನೆಯಲ್ಲಿ ಒರೆಸಲು ಏನೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಈ ಕಾಗದವನ್ನು ನಿನ್ನ ಅಪ್ಪ ನಿನ್ನೆ ತಾನೇ ಅಂಗಡಿಯಿಂದ ತಂದದ್ದು, ಹೆದರದೆ ಕೈಯಲ್ಲಿ ಹಿಡಿದುಕೊಂಡು ಓದು.

ಚುಚ್ಚಬೇಕೆಂದು ಹೇಳಿದ್ದಲ್ಲ. ನನ್ನ ನಾಲಿಗೆ ನಿನಗೆ ಹೊಸದೇನಲ್ಲ.

ಗೋದಾಮಿನ ಅಪಘಾತವಾದಾಗಿನಿಂದ ನಾನು ಗುಂಡಮ್ಮನನ್ನು ಎತ್ತಿಕೊಂಡಿಲ್ಲ. ಆಸ್ಪತ್ರೆಯಿಂದ ಬಂದಾಗ ನೀನು "ಸ್ವಲ್ಪ ದಿನ ಹೋಗ್ಲಿ ಅಮ್ಮ" ಎಂದೆ, ನಾನು ಹೂಂ ಅಂದೆ. ಹೋದ ವಾರ ಬಂದಾಗಲೂ ನನ್ನನ್ನು ವರಾಂಡದಲ್ಲೇ ಕೂರಿಸಿ, ಅವಳನ್ನು ಕಿಟಕಿಯ ಒಳಗಿನಿಂದ ತೋರಿಸಿದೆ. ಅವಳು ನನ್ನನ್ನು ಗುರುತು ಹಿಡಿದು ಎರಡೂ ಕೈ ಚಾಚಿದಳು. ನೀನೂ ನೋಡಿದೆ, ನೋಡದವಳ ಹಾಗೆ ಒಳಗೆ ಕರೆದುಕೊಂಡು ಹೋದೆ. ಮೊಮ್ಮಗಳನ್ನು ಎತ್ತಿಕೊಳ್ಳಬೇಕು, ಇಷ್ಟೇ ನನ್ನ ಅರ್ಜಿ. ಆ ದಿನ ನಡೆದದ್ದನ್ನು ನೀನು ಅವರಿವರ ಬಾಯಲ್ಲಿ ಅರ್ಧಂಬರ್ಧ ಕೇಳಿದ್ದೀಯ. ನನ್ನ ಬಾಯಲ್ಲಿ ಪೂರ್ತಿ ಕೇಳು.

ಕೀಟನಾಶಕದ ಗೋದಾಮಿನಲ್ಲಿ ಪೀಪಾಯಿಗಳ ಸಾಲು ಕುಸಿದು, ಕೆಲವು ಒಡೆದು, ನೆಲವೆಲ್ಲ ವಿಷ ಹರಿದಿತ್ತು. ನಮ್ಮ ಅಗ್ನಿಶಾಮಕ ಠಾಣೆಯಿಂದ ಎರಡು ಲಾರಿ ಹೋದವು. ಮೈಯೆಲ್ಲ ಮುಚ್ಚುವ ದೊಡ್ಡ ದೊಡ್ಡ ಅಂಗಿ ತೊಟ್ಟವರು ಒಳಗೆ ನುಗ್ಗಿದರು. ನಾವು ಯಥಾಪ್ರಕಾರ ಹೊರಗೆ ಡೇರೆ ಹಾಕಿ, ನೀರಿನ ಪೈಪು ಎಳೆದು, ಹಳದಿ ಪಟ್ಟಿ ಕಟ್ಟಿದೆವು. ಪಟ್ಟಿಯ ಆಚೆಗೆ ವಿಷ, ಈಚೆಗೆ ಶುಚಿ. ಮಧ್ಯದಲ್ಲಿ ನಾನು ನಿಂತು, ಆಚೆಯಿಂದ ಬಂದವರನ್ನೆಲ್ಲ ತೊಳೆದು ಈಚೆಗೆ ದಾಟಿಸಬೇಕು. ಠಾಣೆಯವರು ನನ್ನನ್ನು ಸೋಪಮ್ಮ ಎಂದು ಸುಮ್ಮನೆ ಕರೆಯುವುದಿಲ್ಲ.

ಮೊದಲು ಬಂದವರು ಗೋದಾಮಿನ ಮ್ಯಾನೇಜರು. ತಲೆಯ ಮೇಲೆ ನೀರು ಬಿಟ್ಟರೆ ಕುತ್ತಿಗೆಯಿಂದ ಕಪ್ಪಗೆ ಇಳಿಯತೊಡಗಿತು. ಪಟ್ಟಿಯ ಈಚೆ ನಿಂತಿದ್ದ ಡಾಕ್ಟರು ಗಾಬರಿಯಾಗಿ, ಆ ಪೀಪಾಯಿಯಲ್ಲಿ ಕಪ್ಪು ಬಣ್ಣದ್ದು ಏನಿತ್ತೆಂದು ಕೂಗಿ ಕೇಳಿದರು. ಮ್ಯಾನೇಜರು ನನ್ನ ಕಡೆ ಬಗ್ಗಿ, "ವಿಷ ಅಲ್ಲಮ್ಮ, ಬೆಳಿಗ್ಗೆ ತಲೆಗೆ ಹಚ್ಕೊಂಡಿದ್ದ ಬಣ್ಣ. ನಮ್ಮ ಆಫೀಸಿನವರಿಗೆ ಹೇಳ್ಬೇಡಿ" ಅಂದರು. ಒಂದು ಗಳಿಗೆಯಲ್ಲಿ ಹತ್ತು ವರ್ಷ ಹಿರಿಯರಾಗಿ ಈಚೆಗೆ ದಾಟಿದರು, ಪಾಪ. ಇದನ್ನು ನಿನ್ನ ಅಪ್ಪನಿಗೆ ಹೇಳಿದಾಗಿನಿಂದ ದಿನಕ್ಕೊಮ್ಮೆ ನೆನೆಸಿಕೊಂಡು ನಗುತ್ತಾರೆ.

ಆಮೇಲೆ ಒಳಗೆ ಹೋಗಿದ್ದ ನಮ್ಮ ಠಾಣೆಯ ಉದ್ದಣ್ಣ ಬಂದ. ನಿನ್ನ ಮದುವೆಯಲ್ಲಿ ಬಾಗಿಲಿಗೆ ತಲೆ ಹೊಡೆಸಿಕೊಂಡನಲ್ಲ, ಅವನೇ. ಆ ಅಂಗಿಯೊಳಗಿನ ಸೆಕೆಗೆ ಅವನಿಗೆ ಕಣ್ಣು ಕತ್ತಲೆ ಬಂದಿತ್ತು. ಮೈಮೇಲೆ ವಿಷ ತೊಟ್ಟಿಕ್ಕುತ್ತಿತ್ತು. ಮೊದಲು ನೀರು, ಆಮೇಲೆ ಕೈ ಎಂಬುದು ನಾನೇ ಎಲ್ಲರಿಗೂ ಹೇಳಿಕೊಡುವ ಪಾಠ. ಅವನು ತೂರಾಡುತ್ತ ಮುಂದಕ್ಕೆ ಬಂದಾಗ ನಾನು ಹಿಂದಕ್ಕೆ ಸರಿದು ಪೈಪು ಹಿಡಿಯಬೇಕಿತ್ತು. ಸರಿಯಲಿಲ್ಲ, ತೆಕ್ಕೆಯಲ್ಲಿ ಹಿಡಿದುಕೊಂಡೆ. ಅಷ್ಟು ಎತ್ತರದ ಮನುಷ್ಯ ನನ್ನ ಮೇಲೆ ಬಿದ್ದ ರಭಸಕ್ಕೆ ನನ್ನ ಮುಖದ ಗುರಾಣಿ ಕಳಚಿ, ಕೊರಳಪಟ್ಟಿ ಕಿತ್ತು ಬಂತು. ಕುತ್ತಿಗೆಗೂ ಕೂದಲಿಗೂ ತಣ್ಣಗೆ ಏನೋ ತಾಗಿತು. ನಿಜ ಹೇಳಲೇ, ಆ ಕ್ಷಣ ನನಗೆ ಕಂಡದ್ದು ಗುಂಡಮ್ಮನ ಮುಖ.

ನನ್ನನ್ನು ತೊಳೆದವಳು ಗಡಿಯಾರ. ನನ್ನ ಜೊತೆ ಕೆಲಸ ಮಾಡುವವಳು. ಯಾರಿಗೆ ನೀರು ಬಿಟ್ಟರೂ ಗೋಡೆ ಗಡಿಯಾರದ ಹಾಗೆ ನಿಂತು ಹೊತ್ತು ನೋಡುತ್ತಾಳೆ, ಅದಕ್ಕೆ ಆ ಹೆಸರು. "ಅಕ್ಕಾ, ಬಾಯಿ ಮುಚ್ಚಿ, ಕಣ್ಣು ಮುಚ್ಚಿ" ಅಂದಳು. ಊರಿಗೆಲ್ಲ ನಾನು ಹೇಳುವ ಮಾತನ್ನು ನನಗೇ ಹೇಳಿಸಿಕೊಳ್ಳುವ ಸರದಿ ಬಂತು ನೋಡು. ನಿನ್ನ ಅಪ್ಪ, "ಮೂವತ್ತು ವರ್ಷದಿಂದ ನನ್ನ ಕೈಲಿ ಆಗದ ಕೆಲಸ ಆ ಹುಡುಗಿ ಮಾಡಿದಳು" ಎಂದು ಅವಳನ್ನು ಹೊಗಳುತ್ತಿದ್ದಾರೆ.

ಬಟ್ಟೆಯನ್ನೆಲ್ಲ ಕತ್ತರಿಸಿ ತೆಗೆದರು. ನಾಚಿಕೆಗೆ ಅಲ್ಲಿ ಜಾಗವಿಲ್ಲ, ಆದರೂ ಆಯಿತು. ಕೂದಲು ಕತ್ತರಿಸಿಬಿಡೋಣವೇ ಎಂದು ಡಾಕ್ಟರು ಕೇಳಿದಾಗ ಗಡಿಯಾರ, "ಬೇಡ ಸರ್, ನಾನು ತೊಳೀತೀನಿ" ಅಂದಳು. ಎಳೆ ಎಳೆ ಬಿಡಿಸಿ, ಸೋಪು ಹಚ್ಚಿ, ಮತ್ತೆ ಮತ್ತೆ ನೀರು ಹುಯ್ದಳು. ನಮ್ಮಮ್ಮ ಹೋದ ಮೇಲೆ ಇನ್ನೊಬ್ಬರು ನನ್ನ ತಲೆ ತೊಳೆದದ್ದು ಅದೇ ಮೊದಲು. ಅಷ್ಟು ಹೆದರಿಕೆಯಲ್ಲೂ ನನಗೆ ಹಿತವಾಯಿತು ಮಗಳೇ. ಕಣ್ಣು ಮುಚ್ಚಿಕೊಂಡು ಅತ್ತುಬಿಟ್ಟೆ, ನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನನ್ನ ಕೈಗಡಿಯಾರದ ಪಟ್ಟಿ, ಸೊಂಟದ ಬೆಲ್ಟು ಉಳಿಯಲಿಲ್ಲ. ಚರ್ಮದ ಸಾಮಾನು ವಿಷವನ್ನು ಕುಡಿದುಬಿಡುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ರಬ್ಬರಿನ ಬೂಟನ್ನು ಮಾತ್ರ ಉಜ್ಜಿ, ಪರೀಕ್ಷೆ ಮಾಡಿ, ಮತ್ತೆ ಲಾರಿಗೆ ಹಾಕಿಕೊಂಡರು. ಈಗ ಅದನ್ನು ಬೇರೆ ಯಾರೋ ಆರಾಮಾಗಿ ಮೆಟ್ಟಿಕೊಂಡು ಓಡಾಡುತ್ತಿದ್ದಾರೆ. ಆ ಬೂಟಿನ ಮೇಲಿಟ್ಟಷ್ಟು ನಂಬಿಕೆಯನ್ನು ನನ್ನ ಮೇಲೂ ಇಡು ಎಂದು ಕೇಳುತ್ತಿದ್ದೇನೆ, ಹೆಚ್ಚಿಗೆ ಏನಲ್ಲ.

ಇದು ಒಬ್ಬರಿಂದೊಬ್ಬರಿಗೆ ಅಂಟುವ ಜ್ವರವಲ್ಲ. ಮೈಮೇಲೆ ಇರುವ ತನಕ ವಿಷ, ತೊಳೆದ ಮೇಲೆ ಇಲ್ಲ. ಒಳಗೆ ಇಳಿದದ್ದೇನಾದರೂ ಇದ್ದರೆ ರಕ್ತ ಹೇಳುತ್ತದೆ. ಆಸ್ಪತ್ರೆಯಲ್ಲಿ ಮೊದಲ ಸಲ ನನ್ನ ರಕ್ತ ಸ್ವಲ್ಪ ಮುನಿಸಿಕೊಂಡಿತ್ತು, ಎರಡನೆಯ ಸಲಕ್ಕೆ ಸರಿಹೋಯಿತು, ಮೂರನೆಯ ಸಲವೂ ಹಾಗೇ ಇತ್ತು. ಮೊಮ್ಮಗಳನ್ನು ಎತ್ತಿಕೊಳ್ಳಬಹುದೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಡಾಕ್ಟರು ನಕ್ಕು, "ಎತ್ಕೊಳ್ಳಿ, ಮುದ್ದು ಮಾಡಿ. ಮಗು ನಿಮ್ಮ ಮೇಲೆ ಏನಾದ್ರೂ ಮಾಡಿದ್ರೆ ಮಾತ್ರ ತೊಳ್ಕೊಳ್ಳಿ" ಅಂದರು. ಉದ್ದಣ್ಣನೂ ಚೇತರಿಸಿಕೊಂಡಿದ್ದಾನೆ. ನಿನ್ನ ಅಪ್ಪ ದಿನವೂ ನನ್ನ ಪಕ್ಕದಲ್ಲೇ ಮಲಗುತ್ತಾರೆ. ನನ್ನಲ್ಲಿ ವಿಷ ಉಳಿದಿದ್ದರೆ ಇಷ್ಟು ಹೊತ್ತಿಗೆ ಅವರ ಗೊರಕೆಯಾದರೂ ಕಡಿಮೆಯಾಗಬೇಕಿತ್ತು.

ನಿನ್ನ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನೀನು ಪುಟ್ಟವಳಿದ್ದಾಗ ನಾನು ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದೆ. ಗೇಟು ಸದ್ದಾದರೆ ಓಡಿ ಬರುತ್ತಿದ್ದೆ. ನಾನು "ನಿಲ್ಲು ಅಲ್ಲೇ, ಅಮ್ಮನನ್ನ ಮುಟ್ಬೇಡ" ಎಂದು ಗದರಿ ನೇರವಾಗಿ ಬಚ್ಚಲಿಗೆ ಹೋಗುತ್ತಿದ್ದೆ. ಠಾಣೆಯಲ್ಲಿ ಒಮ್ಮೆ ಸ್ನಾನ ಆಗಿರುತ್ತಿತ್ತು, ಆದರೂ ನನಗೆ ಸಮಾಧಾನವಿರಲಿಲ್ಲ. ನೀನು ಬಚ್ಚಲ ಬಾಗಿಲ ಹೊರಗೆ ಕೂತು "ಆಯ್ತಾ, ಆಯ್ತಾ" ಎಂದು ಕೇಳುತ್ತಿದ್ದೆ. ಈಗ ನೀನು ತಾಯಿಯಾಗಿ ಮಾಡುತ್ತಿರುವುದೂ ಅದನ್ನೇ. ಅದರಲ್ಲಿ ತಪ್ಪು ಹುಡುಕಿದರೆ ನನ್ನ ಬಾಯಿಗೆ ಹುಳ ಬೀಳಲಿ. ಒಂದೇ ವ್ಯತ್ಯಾಸ, ನಾನು ಬಚ್ಚಲಿಂದ ಹೊರಗೆ ಬಂದ ತಕ್ಷಣ ನಿನ್ನನ್ನು ಬಾಚಿ ಎತ್ತಿಕೊಳ್ಳುತ್ತಿದ್ದೆ. ನನಗೆ ಸ್ನಾನವಾಗಿ ಬಹಳ ದಿನವಾಯಿತು ಮಗಳೇ, ನಾನಿನ್ನೂ ಬಾಗಿಲ ಹೊರಗೇ ಇದ್ದೇನೆ.

ಅವಸರ ಮಾಡುವುದಿಲ್ಲ. ಡಾಕ್ಟರ ಜೊತೆ ನೀನೇ ಮಾತಾಡಬೇಕೆಂದರೆ ಮಾತಾಡು, ಅವರ ನಂಬರು ಅಪ್ಪನ ಹತ್ತಿರ ಇದೆ. ಗುಂಡಮ್ಮ ಬೋರಲು ಬಿದ್ದು ತೆವಳುವುದಕ್ಕೆ ಹವಣಿಸುತ್ತಿದ್ದಾಳಂತೆ, ವಿಡಿಯೋ ನೋಡಿದೆ. ಅವಳು ನಡೆಯುವುದಕ್ಕೆ ಶುರು ಮಾಡಿದರೆ ಎತ್ತಿಕೊಳ್ಳುವವರ ಕೈಗೆ ಸಿಗುವುದಿಲ್ಲ, ನೀನೂ ಹಾಗೇ ಇದ್ದೆ. ಅಳಿಯಂದಿರ ಕೆಮ್ಮು ವಾಸಿಯಾಯಿತೇ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು. ಮೂರು ಜನರೂ ನೂರು ಕಾಲ ತಣ್ಣಗಿರಿ. ಗುಂಡಮ್ಮನ ಎರಡೂ ಕೆನ್ನೆಗೆ ನನ್ನ ಪರವಾಗಿ ನೀನೇ ಮುತ್ತು ಕೊಡು.

ನಿನ್ನವಳೇ ಆದ,
ಅಮ್ಮ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಹೋದ ವಾರ ನಿಮ್ಮ ಮನೆಯಿಂದ ಹೊರಟವಳು ಬಸ್ ಸ್ಟಾಪಿನವರೆಗೆ ಹೋಗಿ, ಕೊಡೆ ಮರೆತೆನೆಂದು ವಾಪಸ್ ಬಂದೆ. ಗೇಟಿನ ಹತ್ತಿರವೇ ನಿಂತುಬಿಟ್ಟೆ. ನಾನು ಕೂತಿದ್ದ ಕುರ್ಚಿಯನ್ನು ನೀನು ಅಂಗಳದ ನಲ್ಲಿಯ ಕೆಳಗೆ ಎಳೆದು ತಂದು ಉಜ್ಜುತ್ತಿದ್ದೆ. ಉಜ್ಜುತ್ತ ಅಳುತ್ತಿದ್ದೆ. ನಾನು ನಿನ್ನನ್ನು ಕರೆಯಲಿಲ್ಲ, ಕೊಡೆಯಿಲ್ಲದೆಯೇ ಮನೆಗೆ ಬಂದೆ. ಆದರೆ ನೀನು ಬರಿಗೈಯಲ್ಲಿ ಉಜ್ಜುತ್ತಿದ್ದೆ. ಅದೇ ಕೈಯಲ್ಲಿ ಹೋಗಿ ಮಗುವನ್ನು ಎತ್ತಿಕೊಳ್ಳುವವಳು ನೀನು. ಮುಂದಿನ ಸಲ ನಾನು ಬಂದು ಹೋದ ಮೇಲೆ ತೊಳೆಯಲೇಬೇಕು ಅನ್ನಿಸಿದರೆ, ಕೈಗವಸು ಹಾಕಿಕೊಂಡು ತೊಳಿ.