ಒಂದೇ ಗೋಡೆಯ ಎರಡು ಮಗ್ಗುಲು

ಮಾನ್ಯ ಕಟ್ಟಡ ಪರವಾನಗಿ ಅಧಿಕಾರಿಗಳೇ,

ನೀವು ಬೀಗಮುದ್ರೆ ಹಾಕಿದ್ದು ಲಿಫ್ಟಿಗೆ, ಸಿಕ್ಕಿಬಿದ್ದಿರುವುದು ನಮ್ಮತ್ತೆ. ಅದೂ ನಾನೇ ವಿನ್ಯಾಸ ಮಾಡಿದ ಮರದ ಕಟ್ಟಡದ ಎಂಟನೇ ಮಹಡಿಯಲ್ಲಿ. ನಾವು ವಾಸಕ್ಕೆ ಬಂದ ಹೊಸದರಲ್ಲಿ ಸಲೀಸಾಗಿ ಓಡಾಡುತ್ತಿದ್ದ ಲಿಫ್ಟಿನ ಮುಂದೆ ಈಗ ನಿಮ್ಮ ಕೆಂಪು ಅರಗು ಕಾವಲು ಕೂತಿದೆ.

ಕಾರಣವನ್ನು ನೀವೇ ಓದಿ ಹೇಳಿದಿರಿ: ಲಿಫ್ಟ್ ಗೂಡಿನ ಗೋಡೆ ‘ಕಾಂಕ್ರೀಟಿನದೇ ಆಗಿರತಕ್ಕದ್ದು’. ನಮ್ಮದು ಹಲಗೆಗಳನ್ನು ಅಡ್ಡಡ್ಡ, ಉದ್ದುದ್ದ ಜೋಡಿಸಿ, ಅಂಟು ಹಾಕಿ ಒತ್ತಿದ ದಪ್ಪ ಮರದ ಗೋಡೆ. ಅದರ ತುಂಡೊಂದನ್ನು ನಿಮ್ಮೆದುರೇ ಎರಡು ಗಂಟೆ ಕುಲುಮೆಯಲ್ಲಿ ಸುಟ್ಟೆವಲ್ಲ? ಮೇಲ್ಪದರ ಕರಕಲಾಯಿತು, ಆ ಇದ್ದಿಲೇ ಒಳಗಿನ ಮರವನ್ನು ಕಾಪಾಡಿತು. ನೀವು ಬೆರಳಲ್ಲಿ ಕೆರೆದು ನೋಡಿ, “ಪರವಾಗಿಲ್ವಲ್ಲಮ್ಮ, ಒಳಗೆ ಗಟ್ಟಿಯಾಗೇ ಇದೆ” ಅಂದಿರಿ. ಸಂತೋಷ. ಆಮೇಲೆ ಅದೇ ಮರದ ಮೆಟ್ಟಿಲ ಗೂಡಿಗೆ ಸಹಿ ಹಾಕಿ, ಪಕ್ಕದ ಲಿಫ್ಟ್ ಗೂಡಿಗೆ ಮುದ್ರೆ ಒತ್ತಿದಿರಿ. ಏಕೆಂದರೆ ಮೆಟ್ಟಿಲಿನ ನಿಯಮದಲ್ಲಿ ಎಷ್ಟು ಹೊತ್ತು ಬೆಂಕಿ ತಡೆಯಬೇಕೆಂದಿದೆ, ಯಾವುದರಿಂದ ಕಟ್ಟಬೇಕೆಂದಿಲ್ಲ. ಎರಡರ ನಡುವೆ ಇರುವುದು ಒಂದೇ ಗೋಡೆ, ಸ್ವಾಮಿ! ಅದರ ಈ ಮಗ್ಗುಲು ಸುರಕ್ಷಿತ, ಆ ಮಗ್ಗುಲು ಅಪಾಯ. ಬೆಂಕಿಗೂ ನಿಮ್ಮ ನಿಯಮಾವಳಿ ಓದಿಸಿದ್ದೀರಾ?

“ಮೆಟ್ಟಿಲು ಇದೆಯಲ್ಲ, ಇಳೀಲಿ ಬಿಡಿ” ಎಂದೂ ಅಪ್ಪಣೆ ಕೊಡಿಸಿದಿರಿ. ನಮ್ಮತ್ತೆ ಬಸ್ ಕಂಡಕ್ಟರ್ ಆಗಿದ್ದವರು. ‘ಹೋಲ್ಡಾನ್’ ಎಂದು ನಿಲ್ಲಿಸಿ, ‘ರೈಟ್’ ಎಂದು ಹೊರಡಿಸಿ, ಓಡುವ ಬಸ್ಸಿನಲ್ಲಿ ನಿಂತೇ ದುಡಿದು ಮೊಣಕಾಲು ಸವೆಸಿಕೊಂಡವರು. ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸುತ್ತೇವೆ ಅಂದರೆ ಸಿಡಿದೇಳುತ್ತಾರೆ: “ಹೊತ್ಕೊಂಡು ಹೋಗೋದು ಹೇಗೂ ಇದ್ದೇ ಇದೆ ಕಣೇ, ಅದಕ್ಕೆ ಈಗ್ಲೇ ಯಾಕೆ ರಿಹರ್ಸಲ್ಲು?” ಕೆಳಗೆ ಬಸ್ಸು ನಿಂತಾಗಲೆಲ್ಲ ಗೋಡೆ ಹಿಡಿದು ಕಿಟಕಿಗೆ ಬಂದು ಇಳಿಯುವವರನ್ನು ನೋಡುತ್ತಾರೆ. ‘ನನ್ನ ಸೊಸೆ ಕಟ್ಟಿದ ಮನೆ’ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವರಿಗೆ ಅದೇ ಮನೆ ಈಗ ಜೈಲು.

ನಿಯಮದ ತಿದ್ದುಪಡಿ ‘ಪರಿಶೀಲನೆಯಲ್ಲಿದೆ’ಯಂತೆ. ಅದು ಅಲ್ಲೇ ಹಾಯಾಗಿರಲಿ. ಮೆಟ್ಟಿಲಿಗೆ ಒಪ್ಪಿದ ಪರೀಕ್ಷೆಯನ್ನೇ ಲಿಫ್ಟಿಗೂ ಒಪ್ಪಿ, ನೀವೇ ಖುದ್ದಾಗಿ ಬಂದು ಮುದ್ರೆ ಒಡೆಯಿರಿ. ಮೆಟ್ಟಿಲು ಹತ್ತಿಯೇ ಬನ್ನಿ, ಬೇರೆ ದಾರಿ ನೀವೇ ಉಳಿಸಿಲ್ಲ.

ನಿನ್ನೆ ಅತ್ತೆ ಲಿಫ್ಟಿನ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದರು. ನನ್ನನ್ನು ಕಂಡು ಕೇಳಿದರು: “ಹೋಲ್ಡಾನ್ ಅಂದೋರು ಸಿಕ್ಕಿದ್ರೇನೇ? ರೈಟ್ ಅನ್ನೋದನ್ನ ಮರ್ತಿದ್ದಾರೇನೋ, ಸ್ವಲ್ಪ ನೆನಪಿಸು.”

ನೆನಪಿಸಿದ್ದೇನೆ.

ಇಂತಿ,
ಸ್ವಂತ ಅತ್ತೆಯನ್ನೇ ಎತ್ತರದಲ್ಲಿ ಕೂಡಿಹಾಕಿದ ವಿನ್ಯಾಸಗಾರ್ತಿ ಸೊಸೆ