ಯಾರೂ ತಾರದ ಹಾಲಿನ ಡಬ್ಬಿ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
೧೫ ನವೆಂಬರ್ ೨೦೨೫

ಪ್ರೀತಿಯ ಜಮೀಲಕ್ಕನಿಗೆ,

ದೀಪ್ತಿಯ ಸಲಾಂ, ನಮಸ್ಕಾರ ಎರಡೂ. ನಾವಿಲ್ಲಿ ಸೌಖ್ಯ. ನಿಮ್ಮ ಮಂಡಿನೋವು ಹೇಗಿದೆ? ಯಾಕೂಬಣ್ಣ ಈಗಲೂ ಉಳ್ಳಾಲದ ಮನೆಯ ಮುಂದೆ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ ಅಬುಧಾಬಿಯ ಬಿಸಿಲಿನ ಕಥೆ ಹೇಳುತ್ತಾರಾ?

ನೀವು ವಾಯ್ಸ್ ಮೆಸೇಜ್ ಕಳಿಸಿ ವಾರ ದಾಟಿತು. "ಜುಮಾನಾಳ ನಿಕಾಹ್‌ಗೆ ನೀನು ಬಾರದಿದ್ರೂ ಅಡ್ಡಿ ಇಲ್ಲ ಮಾರಾಯ್ತಿ, ನಿನ್ನ ಮಗ ತಿಲಕ್ ಬರ್ಲೇಬೇಕು. ತಮ್ಮ ಬಂದು ಕೈ ಹಿಡಿಯದೆ ಕೋಣೆಯಿಂದ ಹೊರಗೆ ಬರುದಿಲ್ಲ ಅಂತ ಹಟ ಹಿಡ್ದು ಕೂತಿದ್ದಾಳೆ" ಎಂದಿದ್ದಿರಿ. ಅದಕ್ಕೆ ಉತ್ತರ ಕೊಡದೆ ಕೂತ ನನ್ನನ್ನು ಎಷ್ಟು ಬೈದರೂ ಸರಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮಗ ಫೈಝಲ್ ಎಲ್ಲವನ್ನೂ ಸ್ಪೀಕರಿಗೆ ಹಾಕಿ ಇಡೀ ಮನೆಗೆ ಕೇಳಿಸುತ್ತಾನೆ. ಅದಕ್ಕೇ ಹಳೆಯ ಕಾಲದವರ ಹಾಗೆ ಕಾಗದ ಹಿಡಿದಿದ್ದೇನೆ. ಹಮ್ದಾನ್ ಸ್ಟ್ರೀಟಿನಲ್ಲಿ ಬಟ್ಟೆ ಹೊಲಿಯುವ ಮೈಮೂನ ನಾಳೆ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ತಿಲಕನ ವಿಷಯಕ್ಕೆ ಬರುತ್ತೇನೆ. ಮೊದಲು ನನ್ನ ಹೊಟ್ಟೆಯೊಳಗಿನ ಬೆಂಕಿ ಇಳಿಯಬೇಕು.

ಕಳೆದ ಶನಿವಾರ ನಮ್ಮ ಸಂಘದವರು 'ಮರಳಿನಲ್ಲಿ ಹುಟ್ಟಿದ ಊರು' ಎಂಬ ಕಾರ್ಯಕ್ರಮ ಇಟ್ಟಿದ್ದರು. ಯಾವ ಊರು ಅಂದುಕೊಂಡಿರಿ? ನಮ್ಮದೇ, ಈ ವಿಲ್ಲಾಗಳ ಸಾಲು. ಈಗ ಇಲ್ಲಿ ಬಂದು ನೋಡಿದರೆ ನಿಮಗೆ ಗುರುತೇ ಸಿಗಲಿಕ್ಕಿಲ್ಲ. ಮನೆಗೆ ಮೂರು ಕಾರು, ಅವನ್ನು ನಿಲ್ಲಿಸಲು ಜಾಗಕ್ಕೆ ದಿನಾ ಜಗಳ. ಊರು ಹಳತಾಯಿತಲ್ಲ, ಅದಕ್ಕೊಂದು ಚರಿತ್ರೆ ಬೇಡವೇ? ದೊಡ್ಡ ಪರದೆ ಕಟ್ಟಿ ಅರ್ಧ ಗಂಟೆಯ ಫಿಲ್ಮ್ ತೋರಿಸಿದರು.

ಶುರುವಿಗೆ ಬರೀ ಮರಳು. ಡಾಂಬರಿಲ್ಲ, ಬೀದಿದೀಪವಿಲ್ಲ, ನೀರಿನ ಟ್ಯಾಂಕರ್ ಹೂತುಹೋದ ಗಾಲಿ ತಿರುಗಿಸುತ್ತಿದೆ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು, ನನ್ನ ಕಣ್ಣೂ ಒದ್ದೆಯಾಯಿತು. ಆಮೇಲೆ ಒಂದು ಟೆರೇಸಿನ ಮೇಲೆ ಬಾವುಟ ಹಾರಿತು. ದಾರಿ ತಪ್ಪಿದವರಿಗೆ ಗುರುತಾಗಲೆಂದು ನಮ್ಮ ಸಂಘದ ಅಧ್ಯಕ್ಷ ಲತೇಶಣ್ಣ ಹಾರಿಸಿದ ಬಾವುಟವಂತೆ! ಅಕ್ಕ, ಅದು ನಿಮ್ಮ ಕೆಂಪು ಬಕೆಟ್. ಬುಡ ಒಡೆದದ್ದನ್ನು ಬಿಸಾಡುವ ಬದಲು ಡಿಶ್ ಆಂಟೆನಾದ ಕಂಬಕ್ಕೆ ಕವುಚಿ ಕಟ್ಟಿದ್ದಿರಿ. ಕೆಂಪು ಬಕೆಟಿನ ಮನೆ ಅಂದರೆ ಪಕ್ಕದ ಊರು ಮುಸಫ್ಫಾದ ಟ್ಯಾಕ್ಸಿಯವರಿಗೂ ಗೊತ್ತಿತ್ತು. ಯಾಕೂಬಣ್ಣನ ಪಿಕಪ್ಪನ್ನೂ ತೋರಿಸಿದರು, ಹಿಂದೆ ಈರುಳ್ಳಿ, ಕುಚ್ಚಲಕ್ಕಿ, ಖುಬ್ಬೂಸ್ ರೊಟ್ಟಿ ಎಲ್ಲ ಇತ್ತು. ಡ್ರೈವರ್ ಸೀಟಿನಲ್ಲಿ ಮಾತ್ರ ಯಾಕೂಬಣ್ಣ ಇರಲಿಲ್ಲ. ನಮ್ಮ ಊರಿನ ಮೊದಲ ಅಂಗಡಿ ತಾನಾಗಿಯೇ ಉರುಳಿಕೊಂಡು ಬಂತು ಅನ್ನಿ. ನಗು ಬಂತು, ಹಾಳಾಗಿ ಹೋಗಲಿ ಎಂದುಕೊಂಡೆ.

ಆಮೇಲೆ ಆ ಮರಳುಗಾಳಿ ಬಂತು ನೋಡಿ.

ಪರದೆಯ ತುಂಬ ಧೂಳು. ಧೂಳಿನ ನಡುವೆ ಲತೇಶಣ್ಣ, ತಲೆಗೆ ಮುಂಡಾಸು, ಎದೆಗೊತ್ತಿಕೊಂಡ ಹಾಲಿನ ಪುಡಿಯ ಡಬ್ಬಿ. ಬೀಳುತ್ತಾನೆ, ಏಳುತ್ತಾನೆ, ಹಿಂದಿನಿಂದ ಪಿಟೀಲು. ಕಿಟಕಿಯೊಳಗಿಂದ ಒಬ್ಬಳು ಹೆಂಗಸು ಕೈ ಚಾಚಿ ಡಬ್ಬಿ ತೆಗೆದುಕೊಳ್ಳುತ್ತಾಳೆ. ಅವಳು ನಾನಂತೆ! ನನ್ನ ಪಾತ್ರ ಮಾಡಿದ ಹುಡುಗಿ ಬಾಣಂತಿ ಜ್ವರದಲ್ಲೂ ಲಿಪ್‌ಸ್ಟಿಕ್ ಹಚ್ಚಿದ್ದಳು. ಆ ವರ್ಷ ಲತೇಶಣ್ಣ ಎಲ್ಲಿದ್ದ? ದುಬೈಯ ಅಲ್ ಬರ್ಷಾದಲ್ಲಿ, ಏಸಿ ಹಾಕಿಕೊಂಡು. ಇಲ್ಲಿ ಡಾಂಬರು ಬಿದ್ದು, ದೀಪ ಉರಿದು, ಸೂಪರ್ ಮಾರ್ಕೆಟ್ ಬಾಗಿಲು ತೆರೆದ ಮೇಲೆ ಲಾರಿ ತುಂಬ ಸೋಫಾ ಹೇರಿಕೊಂಡು ಬಂದ ಮನುಷ್ಯ ಅವನು. ಅವನು ನನ್ನ ಮಗನನ್ನು ಉಳಿಸಿದನಂತೆ!

ನಾನೇನು ಮರೆತಿದ್ದೇನೆಯೇ? ನಮ್ಮ ಮನೆಯವರು ದೂರದ ರುವೈಸಿನಲ್ಲಿ ಡ್ಯೂಟಿಯಲ್ಲಿದ್ದರು. ಗಾಳಿಗೆ ರಸ್ತೆ ಮುಚ್ಚಿ ಯಾಕೂಬಣ್ಣನ ಪಿಕಪ್ ಮುಸಫ್ಫಾದಲ್ಲಿ ಸಿಕ್ಕಿಬಿದ್ದಿತ್ತು. ಜ್ವರ ಏರಿ ನನ್ನ ಎದೆ ಬತ್ತಿತ್ತು. ಎಳೆಯ ಕೂಸು, ಅತ್ತು ಅತ್ತು ಸ್ವರ ಸೋತು ಬರೀ ಬಾಯಿ ತೆರೆಯುತ್ತಿತ್ತು. ಆಗ ಅಡುಗೆಮನೆಯ ಹಿಂಬಾಗಿಲಿನಿಂದ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಜುಮಾನಾಳನ್ನು ಸೊಂಟದಲ್ಲಿ ಎತ್ತಿಕೊಂಡು ಬಂದವರು ನೀವು. "ಕೊಡು ಇಲ್ಲಿ" ಎಂದಿರಿ, ಅಷ್ಟೇ. ಗಾಳಿ ನಿಲ್ಲುವವರೆಗೆ, ನನ್ನ ಜ್ವರ ಬಿಡುವವರೆಗೆ ಇಬ್ಬರಿಗೂ ನೀವೇ. ಹಾಲು ಸಾಲದಾದಾಗ ನಿಮ್ಮ ಮಗಳಿಗೆ ಗಂಜಿನೀರು ಕುಡಿಸಿ ನನ್ನ ಮಗನಿಗೆ ಎದೆ ಕೊಟ್ಟದ್ದನ್ನು ನಾನು ಮಲಗಿದಲ್ಲಿಂದಲೇ ಕಂಡಿದ್ದೇನೆ. ನಿಮಗೆ ಅದನ್ನು ಯಾವತ್ತೂ ಹೇಳಿರಲಿಲ್ಲ.

ಯಾಕೂಬಣ್ಣ ಬಂದವರು ಬಾಗಿಲಲ್ಲೇ ನಿಂತು "ಖಲಾಸ್, ನನಗೆ ಇನ್ನೊಬ್ಬ ಮಗ ಆದ" ಎಂದು ನಕ್ಕಿದ್ದರು. ನೀವು ನನಗೆ ಬಿಡಿಸಿ ಹೇಳಿದ್ದಿರಿ: "ಒಂದೇ ಎದೆಯ ಹಾಲು ಕುಡ್ದವರು ನಮ್ಮಲ್ಲಿ ಒಡಹುಟ್ಟಿದವರೇ ದೀಪ್ತಿ. ನಾಳೆ ಇವರಿಬ್ಬರಿಗೆ ಮದುವೆ ಆಗ್ಲಿಕ್ಕಿಲ್ಲ. ದೊಡ್ಡವಳಾದ ಮೇಲೂ ಇವನ ಎದುರು ಅವಳು ತಲೆ ಮುಚ್ಚಿಕೊಳ್ಬೇಕೂಂತ ಇಲ್ಲ." ಬಾಯಿಮಾತು ಅಂದುಕೊಂಡಿದ್ದೆ. ನೀವು ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ, ಮೈನೆರೆದ ಹುಡುಗಿ, ಎಲ್ಲರ ಎದುರು ಇವನ ಕುತ್ತಿಗೆಗೆ ಜೋತುಬಿದ್ದು ಅತ್ತಳಲ್ಲ, ಆಗ ಅರ್ಥವಾಯಿತು.

ಫಿಲ್ಮ್ ಮುಗಿದದ್ದೇ ನನ್ನ ಹೆಸರು ಕರೆದರು. "ನಮ್ಮ ಊರಿನ ಮೊದಲ ತಾಯಿ"ಗೆ ಸನ್ಮಾನವಂತೆ. ಶಾಲು ಹಿಡಿದು ನಿಂತ ಲತೇಶಣ್ಣನ ಹತ್ತಿರ ಮೆಲ್ಲಗೆ ಕೇಳಿದೆ: "ನೀವು ಡಬ್ಬಿ ತಂದದ್ದು ಯಾವಾಗ ಲತೇಶಣ್ಣ?"

"ಎಂತ ದೀಪ್ತಿಯಕ್ಕ, ಫಿಲ್ಮ್ ಅಂದ್ಮೇಲೆ ಸ್ವಲ್ಪ ಮಸಾಲೆ ಬೇಡ್ವಾ? ಈ ಕಡೆ ತಿರುಗಿ, ಫೋಟೋದವ ಕಾಯ್ತಿದ್ದಾನೆ. ಯಲ್ಲಾ, ಬೇಗ!"

ಮಸಾಲೆ! ನಿಮ್ಮ ಎದೆಹಾಲನ್ನು ಅಳಿಸಿ ಅಲ್ಲಿ ತಗಡಿನ ಡಬ್ಬಿ ಇಟ್ಟದ್ದಕ್ಕೆ ಮಸಾಲೆ ಅನ್ನುತ್ತಾರೆಯೇ? ನಾವೆಲ್ಲ ಸತ್ತ ಮೇಲೆ ಏನು ಬೇಕಾದರೂ ಬರೆದುಕೊಳ್ಳಲಿ, ಕಣ್ಣೆದುರು ಬದುಕಿರುವಾಗಲೇ ಬರೆದವರಿಗೆ ಒಂಚೂರು ನಾಚಿಕೆ ಬೇಡವೇ? ಶಾಲನ್ನು ತಟ್ಟೆಗೆ ಹಾಕಿ ಮೈಕ್ ಕಿತ್ತುಕೊಂಡೆ. "ಡಬ್ಬಿ ಬರಲೇ ಇಲ್ಲ. ಆ ಗಾಳಿಯಲ್ಲಿ ಯಾರೂ ಏನೂ ತರಲಿಲ್ಲ. ಪಕ್ಕದ ಮನೆಯ ಜಮೀಲಕ್ಕ ತನ್ನ ಮಗಳ ಪಾಲಿನ ಎದೆಹಾಲು ಕೊಟ್ಟು ನನ್ನ ತಿಲಕನನ್ನು ಉಳಿಸಿದರು. ಈ ಊರಿನ ಮೊದಲ ತಾಯಿ ಅವರು" ಎಂದೆ.

ಹಿಂದಿನಿಂದ ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ತಟ್ಟದ್ದು ಕಂಡು ನಿಲ್ಲಿಸಿದರು. ಲತೇಶಣ್ಣ ಮೈಕ್ ಹಿಂದೆ ತೆಗೆದುಕೊಂಡು, "ದೀಪ್ತಿಯಕ್ಕ ತುಂಬಾ ಭಾವುಕರಾಗಿದ್ದಾರೆ. ಎಲ್ಲರೂ ಊಟ ಮಾಡ್ಕೊಂಡೇ ಹೋಗ್ಬೇಕು, ಬಿರಿಯಾನಿ ರೆಡಿ ಉಂಟು" ಎಂದ. ಜನ ಎದ್ದರು. ಅಕ್ಕ, ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಸತ್ಯ ಒಂದು ತಟ್ಟೆ ಬಿರಿಯಾನಿಯ ಎದುರು ನಿಲ್ಲಲಿಲ್ಲ. ಇನ್ನು ಆ ಫಿಲ್ಮನ್ನು ಯೂಟ್ಯೂಬಿಗೆ ಹಾಕುತ್ತಾರಂತೆ, ಮಕ್ಕಳು ನೋಡಿ ಊರಿನ ಚರಿತ್ರೆ ಕಲಿಯಬೇಕಂತೆ. ನಾನು ಹೋಗಿ ಜಗಳ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ.

ನಿಕಾಹ್‌ಗೆ ನಾಲ್ಕು ದಿನ ಮೊದಲೇ ಬರುತ್ತೇನೆ, ನಿಮ್ಮ ಅಡುಗೆಮನೆಯಲ್ಲಿ ನನಗೂ ಒಂದು ಕತ್ತಿ, ಒಂದು ಬುಟ್ಟಿ ಈರುಳ್ಳಿ ಇಟ್ಟಿರಿ. ಯಾಕೂಬಣ್ಣನಿಗೆ ಇಲ್ಲಿಯ ಖರ್ಜೂರ ತರುತ್ತೇನೆ, ಸಿಹಿ ಬೇಡವೆಂದು ನೀವು ಬಚ್ಚಿಡಬಾರದು. ಜುಮಾನಾ ಮದುಮಗಳಾಗಿ ಚೆಂದ ಕಾಣಲಿ, ಹೋದ ಮನೆಯಲ್ಲಿ ನಗುತ್ತಾ ಇರಲಿ, ಅವಳ ಮಡಿಲು ತುಂಬಲಿ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ಎಂದೂ ನಿಮ್ಮವಳೇ ಆದ
ದೀಪ್ತಿ

ಮರೆತದ್ದಲ್ಲ, ಬರೆಯಲು ಕೈ ಬಾರದೆ ಉಳಿಸಿದ್ದು: ನಾನು ವೇದಿಕೆ ಇಳಿಯುವಾಗ ಲತೇಶಣ್ಣ ಹಿಂದೆಯೇ ಬಂದು, "ನನ್ನ ಮೇಲೆ ಹಾರಿ ಎಂತ ಪ್ರಯೋಜನ ಅಕ್ಕ? ನಾನು ಕ್ಯಾಮೆರಾದ ಎದುರು ನಡ್ದದ್ದು ಮಾತ್ರ. ಕಥೆ ಬರ್ದದ್ದು ನಿಮ್ಮ ತಿಲಕ್" ಎಂದ. ಮುಂದಿನ ಸಾಲಿನಲ್ಲಿ ಅವನ ಕುರ್ಚಿ ಖಾಲಿ ಇತ್ತು. ಕಾರಿನಲ್ಲಿ ಕೂತಿದ್ದ. ಅವನಿಗೆ ಎಲ್ಲ ಗೊತ್ತಿದೆ ಅಕ್ಕ, ಚಿಕ್ಕಂದಿನಲ್ಲಿ ದಿನಾ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದ ಕಥೆಯಲ್ಲವೇ ಅದು? "ಮಮ್ಮಿ, ಇಟ್ಸ್ ಸೋ ಎಂಬರಾಸಿಂಗ್. ಫ್ರೆಂಡ್ಸೆಲ್ಲ ನೋಡ್ತಾರೆ. ಡಬ್ಬಿ ಅಂತ ಹಾಕಿದ್ರೆ ಯಾರಿಗೆ ಎಂತ ಲಾಸ್?" ಎಂದ. ನಿಕಾಹ್‌ಗೂ ಬರುವುದಿಲ್ಲವಂತೆ. ಇಷ್ಟು ಪುಟ ಲತೇಶಣ್ಣನನ್ನು ಬೈದದ್ದು, ಬೈಯಬೇಕಾದವನ ಹೆಸರು ಬಾಯಿಗೆ ಬಾರದ್ದಕ್ಕೆ. ಟಿಕೆಟ್ ನನ್ನೊಬ್ಬಳದೇ ಮಾಡಿಸಿದ್ದೇನೆ. ಜುಮಾನಾ ತಮ್ಮ ಎಲ್ಲಿ ಎಂದು ಕೇಳಿದರೆ, ಪರೀಕ್ಷೆ ಇದೆ ಎಂದು ನೀವೇ ಹೇಳಿಬಿಡಿ. ನನ್ನಿಂದ ಆಗಲಿಕ್ಕಿಲ್ಲ.