ಹಸಿಯಾಗಿ ತಿನ್ನುವ ಸೊಪ್ಪು

ಮುಲುಂಡ್
14-11-1956

ಪ್ರೀತಿಯ ವಾರಿಜಕ್ಕನಿಗೆ ಪ್ರಫುಲ್ಲಾಳ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ಕಳೆದ ವಾರ ಇವರ ಕೈಯಲ್ಲಿ ಕಳಿಸಿದ ಸಲಾಡ್ ಸೊಪ್ಪನ್ನು ಏನು ಮಾಡಿದೆ? ಬೇಯಿಸಿ ಪಲ್ಯ ಮಾಡಿದ್ದರೆ ನಿನ್ನ ಕಾಲಿಗೆ ಬೀಳುತ್ತೇನೆ. ಹಸಿಯಾಗಿ ತಿಂದಿದ್ದರೆ, ಅಥವಾ ಒಂದೆಲಗದ ಹಾಗೆ ಅರೆದು ತಂಬುಳಿ ಮಾಡಿದ್ದರೆ, ಈ ಕಾಗದ ಮಡಚುವ ಮೊದಲೇ ಭಾವನನ್ನು ಕರೆದುಕೊಂಡು ಡಾಕ್ಟರ ಬಳಿ ಹೋಗು. ಏಳು ತಿಂಗಳ ಬಸುರಿಯನ್ನು ಹೀಗೆ ಹೆದರಿಸಬಾರದು ಎಂದು ನನಗೂ ಗೊತ್ತು. ಆದರೆ ಹೆದರಿಸದೆ ಹೇಳುವುದು ಹೇಗೆಂದು ತಿಳಿಯುತ್ತಿಲ್ಲ.

ಎದುರು ಬಂಗಲೆಯ ಪಾರ್ಸಿ ಅಜ್ಜಿಯ, ಇಲ್ಲಿ ಎಲ್ಲರೂ 'ಬಾಯಿ' ಎಂದು ಕರೆಯುವವರ ಬಗ್ಗೆ ಹಿಂದೆ ಬರೆದಿದ್ದೆನಲ್ಲ. ಗಣಪತಿ ಹಬ್ಬ ಕಳೆದು ಮಳೆ ಹಿಂದೆಗೆದಾಗ ಅವರೇ ಈ ಲೆಟ್ಯೂಸ್ ಸೊಪ್ಪಿನ ಬೀಜ ಕೊಟ್ಟರು. ಅವರ ಅಂಗಳಕ್ಕೆಲ್ಲ ಕಲ್ಲು ಹಾಸಿದೆ, ನಮ್ಮ ಕೋಣೆಯ ಹಿಂದೆ ಎರಡು ಸೀರೆ ಒಣಹಾಕುವಷ್ಟು ಮಣ್ಣಿದೆ. ಬೀಜ ಎಳ್ಳಿಗಿಂತ ಸಣ್ಣದು, ಆಳಕ್ಕೆ ಹೂಳಬೇಡ, ಬಿಸಿಲಿಗೆ ಚಾಪೆ ಕಟ್ಟು ಎಂದೆಲ್ಲ ಹೇಳಿಕೊಟ್ಟರು. ಅಕ್ಟೋಬರಿನ ಸೆಕೆಯಲ್ಲಿ ಅದನ್ನು ಹಸುಗೂಸಿನ ಹಾಗೆ ನೋಡಿಕೊಂಡೆ. ಎಲೆ ಎದ್ದಾಗ ನನಗಾದ ಜಂಬ ಅಷ್ಟಿಷ್ಟಲ್ಲ. ಅದಕ್ಕೇ ನಿನಗೂ ಒಂದು ಕಟ್ಟು ಕಳಿಸಿದ್ದು.

ನೀರು ಯಾವುದು ಹಾಕಬೇಕು ಎಂದು ಮಾತ್ರ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಲ್ಲಿ ನಲ್ಲಿ ಬರುವುದು ಬೆಳಗ್ಗೆ ಸ್ವಲ್ಪ ಹೊತ್ತು. ಕುಡಿಯುವ ನೀರನ್ನು ಗಿಡಕ್ಕೆ ಸುರಿಯುವ ದುಂದನ್ನು ನಮಗೆ ಯಾರು ಕಲಿಸಿದ್ದಾರೆ? ಅಮ್ಮ ಬಸಳೆ, ಹರಿವೆಯನ್ನೆಲ್ಲ ಬಚ್ಚಲ ನೀರಿನಲ್ಲೇ ಬೆಳೆಸಿದವಳು. ನಾನೂ ಹಿತ್ತಲ ಗುಂಡಿಯಿಂದ ಮೊಗೆದು ಹಾಕಿದೆ, ಎಲೆಯ ಮೇಲೂ ಚಿಮುಕಿಸಿದೆ. ಆ ಗುಂಡಿಗೆ ಬಚ್ಚಲ ನೀರಷ್ಟೇ ಅಲ್ಲ, ಚಾಳಿನ ಅಷ್ಟೂ ಮನೆಗಳ ಪಾಯಖಾನೆಯ ಒಡೆದ ಮೋರಿಯೂ ಸೇರುತ್ತದೆ. ಗೊತ್ತಿರಲಿಲ್ಲವೇ ಎಂದರೆ ಗೊತ್ತಿತ್ತು. ಸೊಪ್ಪೆಂದ ಮೇಲೆ ಬೆಂಕಿ ಕಂಡೇ ಕಾಣುತ್ತದೆ ಎಂಬುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇದನ್ನು ಬೇಯಿಸುವುದಿಲ್ಲ ಎಂಬುದು ಕಣ್ಣೆದುರಿಗಿದ್ದರೂ ನನಗೆ ಹೊಳೆಯಲಿಲ್ಲ.

ಬಾಯಿಯ ಮೊಮ್ಮಗಳು ರೋಶನ್ ದಿನಾ ಬಂದು ಸೊಪ್ಪಿನ ಮಡಿಯಿಂದಲೇ ಎಲೆ ಕಿತ್ತು ತಿನ್ನುತ್ತಿದ್ದಳು. ಮೊಲ ಬಂತು ಎಂದು ನಾನು ನಗುತ್ತಿದ್ದೆ. ಈಗ ಆ ಮಗುವಿನ ಜ್ವರ ಇಳಿಯುತ್ತಲೇ ಇಲ್ಲ. ಟೈಫಾಯ್ಡಂತೆ. ನಿನ್ನೆ ನೋಡಲು ಹೋದಾಗ ಡಾಕ್ಟರು ಅಲ್ಲೇ ಇದ್ದರು, ಹೊರಗಿನದೇನಾದರೂ ತಿಂದಿದ್ದಾಳೆಯೇ ಎಂದು ವಿಚಾರಿಸುತ್ತಿದ್ದರು. ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆಪ ಹೇಳಿ ಎದ್ದು ಬಂದುಬಿಟ್ಟೆ. ಇವತ್ತು ಬೆಳಕು ಹರಿಯುತ್ತಲೇ ಓಡಿಹೋಗಿ ಗುಂಡಿಯ ಸಂಗತಿ ಹೇಳಿಬಿಟ್ಟೆ. ಬೈದರೂ ಸರಿ, ಹೊಡೆದರೂ ಸರಿ ಎಂದು ನಿಂತಿದ್ದೆ. ಬಾಯಿ ಮಗುವಿನ ಹಣೆಯ ಒದ್ದೆಬಟ್ಟೆ ಬದಲಿಸುತ್ತಾ, "ಔರ್ ಕಿಸ್ ಕೋ ದಿಯಾ?" ಎಂದು ಕೇಳಿದರು, ಮತ್ತೆ ಯಾರಿಗೆ ಕೊಟ್ಟೆ ಎಂದು. ಆಗ ನೀನು ನೆನಪಾದೆ, ಅಕ್ಕಾ. ಅಲ್ಲಿಯವರೆಗೆ ನೆನಪೇ ಆಗಿರಲಿಲ್ಲ.

ಮನೆಗೆ ಬಂದವಳೇ ಮಡಿಯನ್ನೆಲ್ಲ ಕಿತ್ತು ಹೂತೆ. ಹುಳ ಬಿತ್ತೆಂದು ಇವರಿಗೆ ಹೇಳಿದ್ದೇನೆ. ಇವರಿಗೆ ಅದು ಮೊದಲಿಂದಲೂ ಆಡಿನ ಮೇವು, ಮುಟ್ಟಿದವರಲ್ಲ. ನಾನೂ ತಿಂದಿಲ್ಲ, ನಮ್ಮ ಚಿಂತೆ ಬೇಡ. ಭಾನುವಾರ ನಿನ್ನ ಬಯಕೆಯ ಊಟಕ್ಕೆ ಬರಲಾಗುವುದಿಲ್ಲ, ಬಾಯಿಯ ಮನೆಯಲ್ಲಿ ಕೈಗೊಬ್ಬರು ಬೇಕು. ಬೇಸರಿಸಬೇಡ. ನೀರು ಕುದಿಸಿ ಕುಡಿ. ಇವರು ಆಫೀಸಿಗೆ ಹೋಗುವ ದಾರಿಯಲ್ಲಿ ಮಾಟುಂಗದಲ್ಲಿ ಇಳಿದು ಇದನ್ನು ಕೊಡುತ್ತಾರೆ, ಅವರು ಎದುರಿಗಿರುವಾಗಲೇ ಓದು.

ನಿನ್ನ ತಂಗಿ,
ಪ್ರಫುಲ್ಲಾ

ತಾ.ಕ.: ನಾನು ತಿಂದಿಲ್ಲ ಎಂದು ಬರೆದದ್ದು ಸುಳ್ಳು. ಆ ಮಗುವಿನ ಜೊತೆ ನಿಂತು ಉಪ್ಪು ಸವರಿಕೊಂಡು ದಿನಾ ತಿಂದೆ, ಅಷ್ಟು ರುಚಿಯಾಗಿತ್ತು. ಮೂರ್ನಾಲ್ಕು ದಿನದಿಂದ ಸಂಜೆಯಾದರೆ ಚಳಿ ಹತ್ತಿ ಮೈ ಕಾಯುತ್ತದೆ. ಇವರಿಗೆ ಹೇಳಿಲ್ಲ. ಹೇಳಿದ್ದರೆ ನನ್ನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ, ಈ ಕಾಗದ ನಿನಗೆ ಮುಟ್ಟುತ್ತಿರಲಿಲ್ಲ. ನೀನು ಓದಿಯಾದ ಮೇಲೆ ಅವರನ್ನು ಕಾಫಿ ಕೊಟ್ಟು ಕೂರಿಸಬೇಡ, ಆಫೀಸಿಗೂ ಬಿಡಬೇಡ. ಮುಂದಿನ ಲೋಕಲ್‌ಗೇ ಮನೆಗೆ ಕಳಿಸು. ನನಗೆ ತುಂಬ ಹೆದರಿಕೆಯಾಗುತ್ತಿದೆ.